ಉಂಡೆಸೆದ ತಟ್ಟೆ

ಹೋದ ಮೇ ತಿಂಗಳಲ್ಲಿ ನಮ್ಮ ಸಂಘದ ಮಕ್ಕಳ ಶಿಬಿರ ಮುಗಿದ ದಿನ ಸುಮಾರು ನೂರಿಪ್ಪತ್ತು ಮಕ್ಕಳಿಗೆ ಊಟದ ಏರ್ಪಾಡಾಗಿತ್ತು. ಅನ್ನ, ಸಾರು, ಎರಡು ಬಗೆಯ ಪಲ್ಯ, ಹಪ್ಪಳ, ಪಾಯಸ. ಅಡಿಗೆ ಚೆನ್ನಾಗಿತ್ತೆಂದು ಬಂದವರೆಲ್ಲ ಹೇಳಿದರು. ಆ ವಿಷಯದಲ್ಲಿ ಯಾರ ದೂರೂ ಇಲ್ಲ. ಬಡಿಸಿದ್ದು ಮಾತ್ರ ಬಿಳಿಯ ಥರ್ಮೊಕೋಲ್ ತಟ್ಟೆಗಳಲ್ಲಿ. ಅವನ್ನು ತಂದವರು ಬೇರೆ ಯಾರೂ ಅಲ್ಲ, ಈ ಸಾಲುಗಳನ್ನು ಬರೆಯುತ್ತಿರುವ ನಾವೇ. ಹಿಂದಿನ ಸಂಜೆ ಅವಸರದಲ್ಲಿ ಅಂಗಡಿಗೆ ಹೋಗಿ, ಹಗುರವಾದದ್ದು, ಅಗ್ಗವಾದದ್ದು, ಲೋಕಲ್ ಗಾಡಿಯಲ್ಲಿ ಒಂದೇ ಕೈಯಲ್ಲಿ ಹಿಡಿದು ತರಬಹುದಾದದ್ದು ಎಂದು ಎರಡು ಕಟ್ಟು ಕೊಂಡು ತಂದಿದ್ದೆವು. ಅಂಗಡಿಯವನು ಅದನ್ನು ಕಪಾಟಿನಿಂದ ತೆಗೆಯದೆ ಹಿಂದಿನ ಕೋಣೆಯಿಂದ ತಂದುಕೊಟ್ಟಾಗಲೇ ನಮಗೆ ಅರ್ಥವಾಗಬೇಕಾಗಿತ್ತು.

ಅಂದು ಪಂಕ್ತಿಯಲ್ಲಿ ಕುಳಿತ ಮಕ್ಕಳಲ್ಲಿ ನಮ್ಮ ಸದಸ್ಯೆಯೊಬ್ಬರ ಮೊಮ್ಮಗಳೂ ಇದ್ದಳು. ನ್ಯೂಯಾರ್ಕ್ ನಗರದ ಕ್ವೀನ್ಸ್ ಭಾಗದಲ್ಲಿ ಸರಕಾರಿ ಶಾಲೆಯಲ್ಲಿ ಓದುವ ಹುಡುಗಿ. ರಜೆಗೆಂದು ಅಜ್ಜಿಯ ಮನೆಗೆ ಬಂದವಳು. ಎದುರಿಗೆ ತಟ್ಟೆ ಬಂದ ಕೂಡಲೆ ಅದನ್ನು ಉಗುರಿನಿಂದ ಒತ್ತಿ ನೋಡಿ ಕೇಳಿದಳು: “ಅಜ್ಜಿ, ಇದನ್ನ ನಮ್ಮ ಸ್ಕೂಲಲ್ಲಿ ಬ್ಯಾನ್ ಮಾಡಿದ್ದಾರೆ. ಇಲ್ಲಿ ಬ್ಯಾನ್ ಇಲ್ವಾ?”

ಅಜ್ಜಿ ಸಾರು ಬಡಿಸುತ್ತ ಸಹಜವಾಗಿಯೇ ಹೇಳಿದರು: “ಇಲ್ಲೂ ಬ್ಯಾನೇ ಮಗಾ. ಆದ್ರೂ ಇದೆ.”

ಸುತ್ತಲಿದ್ದವರು ನಕ್ಕರು. ನಾವೂ ನಕ್ಕೆವು. ಆದರೆ ರಾತ್ರಿ ಮನೆಗೆ ಬಂದ ಮೇಲೆ ಆ ನಗೆ ಗಂಟಲಲ್ಲಿ ಮುಳ್ಳಾಗಿ ನಿಂತಿತು. ಎರಡು ನಗರಗಳಲ್ಲಿಯೂ ನಿಷೇಧವುಂಟು. ಒಂದರಲ್ಲಿ ಶಾಲೆಯ ಮಗುವಿಗೆ ಆ ತಟ್ಟೆ ಅಪರಿಚಿತವಾಗಿದೆ, ಇನ್ನೊಂದರಲ್ಲಿ ಸಂಘದ ಹಿರಿಯರು ಎನಿಸಿಕೊಂಡವರೇ ಅದನ್ನು ಕೊಂಡು ತಂದು ಮಕ್ಕಳ ಮುಂದೆ ಇಡುತ್ತಾರೆ. ಇದು ಹೇಗಾಯಿತು? ಆ ಕುತೂಹಲದಿಂದ ನ್ಯೂಯಾರ್ಕಿನ ಕಥೆಯನ್ನು ಹುಡುಕಿ ಓದಿದೆವು. ಓದಿದ್ದನ್ನು ವಾಚಕ ಬಂಧುಗಳ ಮುಂದೆ ಇಡುತ್ತಿದ್ದೇವೆ.

ಮೊದಲು ವಸ್ತುವಿನ ಪರಿಚಯ. ನಾವು ಥರ್ಮೊಕೋಲ್ ಎಂದು ಕರೆಯುವುದು ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ಕಿನ ನೊರೆ. ಕಲ್ಲೆಣ್ಣೆಯ ಸಂತಾನವೇ. ಪ್ಲಾಸ್ಟಿಕ್ಕನ್ನು ಕರಗಿಸಿ ಅನಿಲ ತುಂಬಿ ಉಬ್ಬಿಸಿದರೆ ಇಡ್ಲಿ ಹಿಟ್ಟು ಹುಳಿಬಂದು ಉಬ್ಬಿದಂತೆ ಉಬ್ಬುತ್ತದೆ. ಕೊನೆಗೆ ಕೈಯಲ್ಲಿ ಉಳಿಯುವುದರಲ್ಲಿ ನೂರಕ್ಕೆ ತೊಂಬತ್ತು ಪಾಲಿಗೂ ಮಿಕ್ಕಿ ಗಾಳಿ. ಅದರ ಗುಣವೂ ಅದೇ, ದೋಷವೂ ಅದೇ. ಗಾಳಿಯಿಂದಾಗಿ ಹಗುರ, ಬಿಸಿ ಕೈಗೆ ತಾಗದು, ಬೆಲೆ ಕಡಮೆ. ಅದೇ ಗಾಳಿಯಿಂದಾಗಿ ಕಸದ ಗಾಡಿಯಲ್ಲಿ ತೂಕವಿಲ್ಲದೆ ಜಾಗ ತಿನ್ನುತ್ತದೆ, ಗಾಳಿಗೆ ಹಾರಿ ಚರಂಡಿ ಸೇರುತ್ತದೆ, ಒಡೆದು ಕಾಳಾಗಿ ನೀರಿನಲ್ಲಿ ತೇಲುತ್ತದೆ. ಮಣ್ಣಿನಲ್ಲಿ ಕೊಳೆಯುವ ಜಾತಿಯಲ್ಲ. ಮೀನು, ಹಕ್ಕಿಗಳು ಕಾಳನ್ನು ತಿನಿಸೆಂದು ನುಂಗುತ್ತವೆ. ಎಣ್ಣೆ, ಪಲ್ಯ ಮೆತ್ತಿದ ತಟ್ಟೆಯನ್ನು ತೊಳೆದು, ಕರಗಿಸಿ, ಮತ್ತೊಂದು ವಸ್ತು ಮಾಡುವ ಉದ್ಯೋಗ ಲಾಭವಿಲ್ಲದ ಕಾರಣ ಬಹುಮಟ್ಟಿಗೆ ನಡೆಯುವುದೇ ಇಲ್ಲ.

ಆರೋಗ್ಯದ ಮಾತೂ ಉಂಟು. ಈ ಪ್ಲಾಸ್ಟಿಕ್ಕಿನ ಮೂಲದ್ರವ್ಯ ಸ್ಟೈರೀನ್. ತಟ್ಟೆಯೊಳಗೆ ಕೊಂಚಮಟ್ಟಿಗೆ ಅದು ಉಳಿದೇ ಇರುತ್ತದೆ. ಆಹಾರ ಬಿಸಿಯಾಗಿದ್ದಷ್ಟೂ, ಜಿಡ್ಡಾಗಿದ್ದಷ್ಟೂ ಅದಕ್ಕೆ ಇಳಿಯುವ ಪ್ರಮಾಣ ಹೆಚ್ಚುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅರ್ಬುದರೋಗ ಸಂಶೋಧನಾ ಮಂಡಲಿ 2018ರಲ್ಲಿ ಸ್ಟೈರೀನನ್ನು ಮನುಷ್ಯರಿಗೆ ಅರ್ಬುದವನ್ನು ತರುವ ಸಂಭವವುಳ್ಳ ವಸ್ತುಗಳ ಪಟ್ಟಿಗೆ ಏರಿಸಿತು. ಹಾಗೆಂದು ಒಂದು ಊಟದಿಂದ ಕೇಡಾಯಿತೆಂದು ತಾಯಂದಿರು ಹೆದರಬೇಕಾಗಿಲ್ಲ. ಒಂದು ಹೊತ್ತಿಗೆ ಇಳಿಯುವುದು ಅತ್ಯಲ್ಪ, ಆ ಪಟ್ಟಿಗೆ ಆಧಾರಗಳಲ್ಲಿ ಒಂದಾದದ್ದೂ ಕಾರಖಾನೆಯಲ್ಲಿ ಅದನ್ನು ದಿನವೂ ಉಸಿರಾಡುವ ಕೆಲಸಗಾರರ ಅನುಭವ. ಆದರೆ ಶಾಲೆಯ ಊಟವೆಂದರೆ ಒಂದು ಹೊತ್ತಿನದಲ್ಲ. ಐದನೆಯ ವರ್ಷದಿಂದ ಹದಿನೆಂಟನೆಯ ವರ್ಷದವರೆಗೆ ದಿನವೂ ಉಣ್ಣುವ ಊಟ.

ನ್ಯೂಯಾರ್ಕ್ ನಗರದ ಸರಕಾರಿ ಶಾಲೆಗಳದ್ದು ಅಮೇರಿಕದಲ್ಲಿಯೇ ಅತಿ ದೊಡ್ಡ ವಿದ್ಯಾ ವ್ಯವಸ್ಥೆ. ನಾವು ಹೇಳುತ್ತಿರುವ ಕಾಲಕ್ಕೆ ಅಲ್ಲಿ ಸುಮಾರು 11 ಲಕ್ಷ ಮಕ್ಕಳು. ಶಾಲೆಯಲ್ಲಿ ಬೆಳಗಿನ ಉಪಾಹಾರ, ಮಧ್ಯಾಹ್ನದ ಊಟ ಎರಡೂ ಉಂಟು. ಎಲ್ಲವನ್ನೂ ಬಡಿಸುತ್ತಿದ್ದುದು ನೊರೆ ಪ್ಲಾಸ್ಟಿಕ್ಕಿನ ಆಯತಾಕಾರದ ತಟ್ಟೆಗಳಲ್ಲಿ. ದಿನಕ್ಕೆ ಸುಮಾರು 8.5 ಲಕ್ಷ ತಟ್ಟೆ! ಶಾಲೆ ವರ್ಷಕ್ಕೆ 180 ದಿನ ನಡೆಯುತ್ತದೆಂದು ಹಿಡಿದರೆ ವರ್ಷಕ್ಕೆ 15 ಕೋಟಿಗೂ ಮೇಲೆ. ಒಂದೊಂದು ತಟ್ಟೆ ಮಗುವಿನ ಮುಂದೆ ಇರುತ್ತಿದ್ದುದು ಇಪ್ಪತ್ತು ನಿಮಿಷ. ಆಮೇಲೆ ಮಿಕ್ಕ ಆಹಾರ, ಅರ್ಧ ಕುಡಿದ ಹಾಲಿನ ಪೊಟ್ಟಣದೊಡನೆ ಒಂದೇ ಚೀಲಕ್ಕೆ. ಆ ನಗರದ ಸ್ವಂತ ಕಸದ ತಾಣ, ಸ್ಟೇಟನ್ ದ್ವೀಪದ ಫ್ರೆಶ್ ಕಿಲ್ಸ್, 2001ರಲ್ಲಿಯೇ ಮುಚ್ಚಿಹೋಗಿತ್ತು. ಆದುದರಿಂದ ಈ ಗಾಳಿ ತುಂಬಿದ ತಟ್ಟೆಗಳು ಲಾರಿ, ರೈಲು ಹತ್ತಿ ಪೆನ್ಸಿಲ್ವೇನಿಯ, ವರ್ಜೀನಿಯ ಮುಂತಾದ ದೂರದ ಸಂಸ್ಥಾನಗಳ ಹಳ್ಳಗಳಿಗೆ ಪ್ರಯಾಣ ಮಾಡುತ್ತಿದ್ದವು. ಗಾಳಿಯನ್ನು ಹೊರಲು ರೈಲಿಗೆ ಬಾಡಿಗೆ ಕೊಟ್ಟಂತೆ!

ಇಷ್ಟಾದರೂ ಯಾರೂ ಏಕೆ ಬದಲಾಯಿಸಲಿಲ್ಲ ಎಂದರೆ, ಉತ್ತರ ಲೆಕ್ಕದ ಪುಸ್ತಕದಲ್ಲಿದೆ. ನೊರೆ ತಟ್ಟೆಗೆ 4 ಸೆಂಟು. ಕಬ್ಬಿನ ಸಿಪ್ಪೆ ಮುಂತಾದ ನಾರಿನಿಂದ ಒತ್ತಿ ಮಾಡಿದ, ಮಣ್ಣಿನಲ್ಲಿ ಗೊಬ್ಬರವಾಗುವ ತಟ್ಟೆಗೆ 12 ಸೆಂಟು, ಕೆಲವು ಕಡೆ 15. ಎಂಟು ಸೆಂಟಿನ ಅಂತರ ಎಂದರೆ ನಮ್ಮ ಕಿವಿಗೆ ಏನೂ ಅಲ್ಲವೆನಿಸುತ್ತದೆ. 8.5 ಲಕ್ಷದಿಂದ ಗುಣಿಸಿ ನೋಡಿ: ದಿನಕ್ಕೆ 68,000 ಡಾಲರು, ವರ್ಷಕ್ಕೆ 1 ಕೋಟಿ 22 ಲಕ್ಷ ಡಾಲರು. ಮಕ್ಕಳ ತಟ್ಟೆಯ ಮೇಲಿನ ಹಣ್ಣು, ತರಕಾರಿಗೆ ಮೀಸಲಾದ ಹಣವನ್ನು ತಟ್ಟೆಗೇ ಸುರಿಯಲು ಯಾವ ಅಧಿಕಾರಿ ಒಪ್ಪಿಯಾನು? ಅವರನ್ನು ನಾವು ಸುಲಭವಾಗಿ ಬೈಯಲಾರೆವು. ಅಂಗಡಿಯಲ್ಲಿ ಎರಡು ರೂಪಾಯಿಯ ತಟ್ಟೆಯನ್ನು ಆರಿಸಿಕೊಂಡಾಗ ನಾವು ಮಾಡಿದ್ದೂ ಅದೇ ಲೆಕ್ಕವನ್ನು.

ಈ ಲೆಕ್ಕವನ್ನು ತಿದ್ದಲು ಹೊರಟವರು ಅಧಿಕಾರಿಗಳಲ್ಲ, ಒಬ್ಬ ತಾಯಿ. ಡೆಬಿ ಲೀ ಕೋಹೆನ್ ಎಂಬ ಕಲಾವಿದೆ, ಶಾಲೆಗೆ ಹೋಗುವ ಮಕ್ಕಳಿದ್ದವರು, 2009ರಲ್ಲಿ ಶಾಲೆಗಳಿಂದ ನೊರೆ ತಟ್ಟೆಯನ್ನು ಹೊರಹಾಕಬೇಕೆಂದು ಒಂದು ಬಳಗವನ್ನು ಕಟ್ಟಿದರು. ಮುಂದೆ ಅದಕ್ಕೆ ‘ಕೆಫೆಟೀರಿಯ ಕಲ್ಚರ್’ ಎಂಬ ಹೆಸರಾಯಿತು. ಅವರ ಜಾಣತನ ನಮಗೆ ಮೆಚ್ಚಿಗೆಯಾದದ್ದು ಒಂದು ವಿಷಯದಲ್ಲಿ. ‘ನಾಳೆಯಿಂದಲೇ ನಿಲ್ಲಿಸಿ’ ಎಂದು ಕೂಗಾಡುತ್ತ ಕೂರದೆ, ನಗರದ ಶಾಲಾ ಆಹಾರ ಇಲಾಖೆಯವರೊಡನೆಯೇ ಕುಳಿತು, ವಾರದಲ್ಲಿ ಒಂದು ದಿನ ಮಾತ್ರ ತಟ್ಟೆ ಇಲ್ಲದೆ ಬಡಿಸೋಣವೇ ಎಂದು ಕೇಳಿದರು. ನಮ್ಮ ಮನೆಗಳಲ್ಲಿ ಸೋಮವಾರ ಒಪ್ಪತ್ತು ಮಾಡುವವರಿಲ್ಲವೇ, ಹಾಗೆ ತಟ್ಟೆಗೆ ಮಂಗಳವಾರದ ಉಪವಾಸ! 2010ರ ವಸಂತದಲ್ಲಿ ನಗರದ ಶಾಲೆಗಳಲ್ಲಿ ‘ತಟ್ಟೆ ಇಲ್ಲದ ಮಂಗಳವಾರ’ ಆರಂಭವಾಯಿತು. ಆ ದಿನ ಕೈಯಲ್ಲಿ ಹಿಡಿದು ತಿನ್ನಬಹುದಾದ ತಿನಿಸು. ದೋಣಿಯಾಕಾರದ ಕಾಗದದ ದೊನ್ನೆ. ಒಂದೇ ವಾರದಿನ ಎಂದು ತಾತ್ಸಾರ ಮಾಡಬೇಡಿ. ಐದರಲ್ಲಿ ಒಂದು ಪಾಲು ಎಂದರೆ ವರ್ಷಕ್ಕೆ ಸುಮಾರು 3 ಕೋಟಿ ತಟ್ಟೆ. ಇದಕ್ಕೆ ಕಾಯಿದೆ ಬೇಕಾಗಲಿಲ್ಲ, ದಂಡ ಬೇಕಾಗಲಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ತಟ್ಟೆಯಿಲ್ಲದೆ ಶಾಲೆ ನಡೆಯದು ಎಂಬ ಮಾತು ಸುಳ್ಳೆಂದು ವಾರವಾರವೂ ಸಿದ್ಧವಾಗುತ್ತ ಬಂತು.

ಮಕ್ಕಳನ್ನು ಬರಿಯ ಪ್ರೇಕ್ಷಕರನ್ನಾಗಿ ಕೂರಿಸಲಿಲ್ಲ ಎಂಬುದು ಇನ್ನೊಂದು ವಿಶೇಷ. ಉಂಡ ಮೇಲೆ ಹಾಲಿನ ಉಳಿಕೆಯನ್ನು ಬಾಲ್ದಿಗೆ ಸುರಿದು, ತಿನ್ನದೆ ಬಿಟ್ಟದ್ದನ್ನು ಒಂದೆಡೆ ಹಾಕಿ, ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸುವುದನ್ನು ಅವರಿಗೆ ಕಲಿಸಿದರು. ಕೂಡಿಟ್ಟ ಮೇಲೆ ತಾನೇ ಎಷ್ಟೆಂಬುದು ಕಣ್ಣಿಗೆ ಕಾಣುವುದು. ಚೀಲಕ್ಕೆ ಎಸೆದರೆ ಕಾಣುವುದಿಲ್ಲ. ಇಂಥದೇ ಸಂಗತಿ ದೇಶದ ಇನ್ನೊಂದು ತುದಿಯಲ್ಲಿ, ಲಾಸ್ ಏಂಜಲೀಸಿನಲ್ಲಿಯೂ ನಡೆಯಿತು. ಅಲ್ಲಿಯ ಥಾಮಸ್ ಸ್ಟಾರ್ ಕಿಂಗ್ ಮಾಧ್ಯಮಿಕ ಶಾಲೆಯ ಮಕ್ಕಳು ತಾವು ಉಂಡ ತಟ್ಟೆಗಳನ್ನು ಎಸೆಯದೆ ಕೂಡಿಟ್ಟು, ತೊಳೆದು, ದಾರಕ್ಕೆ ಪೋಣಿಸಿ ಶಾಲೆಯ ಮರಕ್ಕೆ ನೇತುಹಾಕಿದರು. ಭಾಷಣವಿಲ್ಲ, ಬರಿಯ ಮರ, ಬಿಳಿಯ ತಟ್ಟೆಗಳ ಮಾಲೆ. ಆ ನಗರದ ಶಾಲಾ ಆಡಳಿತ 2012ರಲ್ಲಿ ನೊರೆ ತಟ್ಟೆಯನ್ನು ಕೈಬಿಟ್ಟು ಕಾಗದದ ತಟ್ಟೆಗೆ ಬಂತು.

ಇನ್ನು ಬೆಲೆಯ ಗಂಟು ಬಿಚ್ಚಿದ ಬಗೆ. ನಮ್ಮ ದೃಷ್ಟಿಯಲ್ಲಿ ಇಡೀ ಕಥೆಯ ಹೃದಯ ಇದೇ. 2012ರಲ್ಲಿ ಆರು ನಗರಗಳ ಶಾಲಾ ಅಡಿಗೆಮನೆಗಳ ಮುಖ್ಯಸ್ಥರು ಒಂದುಗೂಡಿದರು: ನ್ಯೂಯಾರ್ಕ್, ಲಾಸ್ ಏಂಜಲೀಸ್, ಶಿಕಾಗೊ, ಮಯಾಮಿ, ಡಲ್ಲಾಸ್ ಮತ್ತು ಒರ್ಲ್ಯಾಂಡೊ. ಆರೂ ಸೇರಿದರೆ ಸುಮಾರು 29 ಲಕ್ಷ ವಿದ್ಯಾರ್ಥಿಗಳು. ಒಂದು ನಗರ ಹೋಗಿ ಕಾರಖಾನೆಯ ಬಾಗಿಲು ತಟ್ಟಿದರೆ ‘ಹನ್ನೆರಡು ಸೆಂಟು, ಬೇಕಾದರೆ ಕೊಳ್ಳಿ’ ಎನ್ನುವ ಕಂಪೆನಿ, ಆರು ನಗರಗಳು ಒಟ್ಟಾಗಿ ‘ವರ್ಷವರ್ಷವೂ ಕೋಟಿಗಟ್ಟಲೆ ಕೊಳ್ಳುತ್ತೇವೆ, ನಮಗೆ ಇಂಥ ತಟ್ಟೆ ಬೇಕು, ಇಷ್ಟು ಬೆಲೆಗೆ ಬೇಕು’ ಎಂದರೆ ಕಾಗದ ಪೆನ್ಸಿಲ್ ತೆಗೆದು ಲೆಕ್ಕ ಹಾಕುತ್ತದೆ. ತರಕಾರಿ ಸಂತೆಯಲ್ಲಿ ನಾಲ್ಕು ಮನೆಯವರು ಸೇರಿ ಒಂದು ಮೂಟೆ ಈರುಳ್ಳಿ ಕೊಳ್ಳುವ ನಮ್ಮ ಗೃಹಿಣಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕೊನೆಗೆ ಮೇನ್ ಸಂಸ್ಥಾನದ ಕಾರಖಾನೆಯೊಂದರಲ್ಲಿ ವೃತ್ತಪತ್ರಿಕೆಯ ರದ್ದಿ ಕಾಗದದಿಂದ ಒತ್ತಿ ಮಾಡಿದ, ಐದು ಕುಳಿಗಳುಳ್ಳ, ದುಂಡನೆಯ ತಟ್ಟೆ ಸಿದ್ಧವಾಯಿತು. ಬೆಲೆ 4.9 ಸೆಂಟು! ಹಳೆಯ ತಟ್ಟೆಗಿಂತ ಒಂದು ಸೆಂಟೂ ಹೆಚ್ಚಲ್ಲ. ನ್ಯೂಯಾರ್ಕಿನ ಲೆಕ್ಕಕ್ಕೆ ದಿನಕ್ಕೆ 68,000 ಡಾಲರಿನ ಹೊರೆ ಇದ್ದದ್ದು 7,650 ಡಾಲರಿಗೆ ಇಳಿಯಿತು. ಆರು ನಗರಗಳೂ ಕೂಡಿ ವರ್ಷಕ್ಕೆ 22.5 ಕೋಟಿ ನೊರೆ ತಟ್ಟೆಗಳು ಕಸಕ್ಕೆ ಹೋಗುವುದು ತಪ್ಪುವುದೆಂದು 2015ರ ಮೇ ತಿಂಗಳಲ್ಲಿ ಪ್ರಕಟಿಸಿದರು.

ತಟ್ಟೆ ದುಂಡಗೇಕೆ? ಮಕ್ಕಳು ಮನೆಯಲ್ಲಿ ಉಣ್ಣುವುದು ದುಂಡು ತಟ್ಟೆಯಲ್ಲಿ, ಶಾಲೆಯಲ್ಲಿಯೂ ಹಾಗೆಯೇ ಇರಲಿ ಎಂದು. ಲಕ್ಷಗಟ್ಟಲೆ ತಟ್ಟೆಗಳ ವ್ಯಾಪಾರದ ನಡುವೆ ಈ ಒಂದು ಸಣ್ಣ ವಿಚಾರ ಯಾರಿಗೋ ಹೊಳೆಯಿತಲ್ಲ, ಅದು ನಮಗೆ ಬಹಳ ಹಿಡಿಸಿತು.

ಈಗ ಕಾಯಿದೆಯ ಪುರಾಣ. ನ್ಯೂಯಾರ್ಕ್ ನಗರ ಸಭೆ 2013ರ ಡಿಸೆಂಬರಿನಲ್ಲಿ ನೊರೆ ಪ್ಲಾಸ್ಟಿಕ್ಕಿನ ಬಟ್ಟಲು, ತಟ್ಟೆ, ಡಬ್ಬಿಗಳನ್ನು ಇಡೀ ನಗರದಲ್ಲಿ ನಿಷೇಧಿಸುವ ಕಾಯಿದೆಯನ್ನು ಮಾಡಿತು. ಆದರೆ ಒಂದು ಷರತ್ತು: ಈ ವಸ್ತುವನ್ನು ಮರುಬಳಕೆಗೆ ತರಲು ಸಾಧ್ಯವೇ ಎಂದು ನೈರ್ಮಲ್ಯ ಇಲಾಖೆ ಮೊದಲು ಪರೀಕ್ಷಿಸಬೇಕು. ಸಾಧ್ಯವಿಲ್ಲವೆಂದು ಇಲಾಖೆ ಹೇಳಿತು. 2015ರ ಜುಲೈ 1ರಿಂದ ನಿಷೇಧ ಜಾರಿಗೆ ಬಂತು. ತಯಾರಕರು ನ್ಯಾಯಾಲಯಕ್ಕೆ ಹೋದರು. ಅದೇ ಸಪ್ಟೆಂಬರಿನಲ್ಲಿ ನ್ಯಾಯಾಧೀಶರು ಇಲಾಖೆಯ ತೀರ್ಮಾನಕ್ಕೆ ಆಧಾರ ಸಾಲದೆಂದು ನಿಷೇಧವನ್ನು ತಳ್ಳಿಹಾಕಿದರು. ಅಂಗಡಿ, ಹೊಟೇಲುಗಳಿಗೆ ನೊರೆ ಡಬ್ಬಿ ಮತ್ತೆ ಬಂತು. ಇಲಾಖೆ ಪುನಃ ಪರೀಕ್ಷೆ ನಡೆಸಿ, ಪುನಃ ವಾದಿಸಿ, 2018ರಲ್ಲಿ ಗೆದ್ದು, ಅಂತೂ 2019ರ ಜನವರಿ 1ರಿಂದ ನಿಷೇಧ ನಿಂತಿತು. ದಂಡ ಹಾಕಲು ಇನ್ನೂ ಆರು ತಿಂಗಳು ಕಾದರು. ಕಾಯಿದೆ ಹುಟ್ಟಿದಂದಿನಿಂದ ಐದು ವರ್ಷ!

ಆದರೆ ಶಾಲೆಗಳಲ್ಲಿ ಏನಾಯಿತು ನೋಡಿ. ನ್ಯಾಯಾಲಯದಲ್ಲಿ ನಿಷೇಧ ಬಿದ್ದುಹೋದ ಆ ವರ್ಷವೇ ಮಕ್ಕಳ ಮುಂದೆ ಕಾಗದದ ದುಂಡು ತಟ್ಟೆ ಬಂದಾಗಿತ್ತು. ತೀರ್ಪು ಬಂತೆಂದು ನೊರೆ ತಟ್ಟೆ ಶಾಲೆಗೆ ಹಿಂದಿರುಗಲಿಲ್ಲ. ಹಿಂದಿರುಗಲು ಕಾರಣವೂ ಇರಲಿಲ್ಲ. ಗುತ್ತಿಗೆ ಆಗಿದೆ, ಬೆಲೆ ಕೈಗೆಟಕಿದೆ, ಮಕ್ಕಳಿಗೆ ರೂಢಿಯಾಗಿದೆ. ನಿಷೇಧ ಬೇಡವೆಂದು ನಾವು ಹೇಳುತ್ತಿಲ್ಲ. ಮೇನ್ ಮತ್ತು ಮೇರಿಲ್ಯಾಂಡ್ ಸಂಸ್ಥಾನಗಳು 2019ರಲ್ಲಿ ಸಂಸ್ಥಾನದಾದ್ಯಂತ ನಿಷೇಧಿಸಿದವು. ಮೇರಿಲ್ಯಾಂಡಿನ ಕಾಯಿದೆಯಲ್ಲಿ ಶಾಲೆಗಳ ಹೆಸರನ್ನು ಸ್ಪಷ್ಟವಾಗಿಯೇ ಸೇರಿಸಿದ್ದಾರೆ, ಅದು ಒಳ್ಳೆಯದೇ. ಆದರೆ ಅಜ್ಜಿ ಹೇಳಿದ ‘ಆದ್ರೂ ಇದೆ’ ಎಂಬುದಕ್ಕೂ ‘ಇಲ್ಲ’ ಎಂಬುದಕ್ಕೂ ನಡುವೆ ಇರುವುದು ಕಾಯಿದೆಯಲ್ಲ. ಆ ಜಾಗಕ್ಕೆ ಬೇರೆ ತಟ್ಟೆ ಬಂದಿದೆಯೇ ಇಲ್ಲವೇ ಎಂಬುದು.

ಬೇರೆ ತಟ್ಟೆ ಎಂದ ಮಾತ್ರಕ್ಕೆ ಪಾರಾದೆವೆಂದೂ ಅಲ್ಲ. ಗೊಬ್ಬರವಾಗುವ ತಟ್ಟೆಯನ್ನು ಮಾಮೂಲು ಕಸಕ್ಕೆ ಎಸೆದರೆ ಅದೂ ಹಳ್ಳಕ್ಕೇ ಹೋಗುತ್ತದೆ. ಅದಕ್ಕಾಗಿ ಬೇರೆ ತೊಟ್ಟಿ, ಬೇರೆ ಗಾಡಿ ಬೇಕು. ಮ್ಯಾನ್‌ಹಟನ್ನಿನ ಮೇಲುಭಾಗದ ಎಂಟು ಶಾಲೆಗಳಲ್ಲಿ 2012ರಲ್ಲಿ ತಾಯಿತಂದೆಯರೇ ಮುಂದೆ ನಿಂತು ಹಸಿ ಕಸವನ್ನು ಬೇರ್ಪಡಿಸುವ ಪದ್ಧತಿಯನ್ನು ಆರಂಭಿಸಿದರು. ನಗರದ ಎಲ್ಲ ಶಾಲೆಗಳಿಗೂ ಅದು ಮುಟ್ಟಲು 2024 ಬರಬೇಕಾಯಿತು. ಇನ್ನೊಂದು ತೊಡಕು: ಎಣ್ಣೆ, ನೀರು ಹೀರದಂತೆ ಇಂಥ ನಾರಿನ ತಟ್ಟೆಗಳಲ್ಲಿ ಅನೇಕಕ್ಕೆ ಫ್ಲೋರಿನ್ ಸಂಯುಕ್ತಗಳನ್ನು ಸೇರಿಸುತ್ತಿದ್ದರು. ಅವು ಮಣ್ಣಿನಲ್ಲಿಯೂ ಮೈಯಲ್ಲಿಯೂ ಕರಗದೆ ಉಳಿಯುವಂಥವು. ಆಹಾರದ ಕಾಗದಗಳಲ್ಲಿ ಅವನ್ನು ಬೇಕೆಂದು ಸೇರಿಸಬಾರದೆಂದು ನ್ಯೂಯಾರ್ಕ್ ಸಂಸ್ಥಾನದ ಕಾಯಿದೆ 2022ರ ಕೊನೆಯ ದಿನದಿಂದ ಜಾರಿಗೆ ಬಂತು. ನಮ್ಮ ಊರಿನ ಅಡಕೆ ಹಾಳೆಯ ತಟ್ಟೆಗೂ ಈ ಪರೀಕ್ಷೆ ತಪ್ಪಲಿಲ್ಲ. ಕರಾವಳಿ, ಮಲೆನಾಡುಗಳಲ್ಲಿ ಎಷ್ಟೋ ಮನೆಗಳಿಗೆ ಹಾಳೆ ತಟ್ಟೆಯ ಉದ್ಯೋಗ ಅನ್ನ ಕೊಟ್ಟಿದೆ, ಅಮೇರಿಕಕ್ಕೂ ಅವು ಹೋಗುತ್ತಿದ್ದವು. ಅಡಕೆಯಲ್ಲಿರುವ ಕ್ಷಾರದ್ರವ್ಯಗಳು ಹಾಳೆಯಿಂದಲೂ ಆಹಾರಕ್ಕೆ ಇಳಿಯಬಹುದೆಂದು ಹೇಳಿ ಅಲ್ಲಿಯ ಆಹಾರ ಮತ್ತು ಔಷಧ ಆಡಳಿತವು 2025ರ ಮೇ ತಿಂಗಳಲ್ಲಿ ಅವನ್ನು ಊಟಕ್ಕಾಗಿ ಮಾರುವಂತಿಲ್ಲವೆಂದು ಸಾರಿತು. ತಲೆತಲಾಂತರದಿಂದ ಹಾಳೆಯನ್ನು ಬಳಸಿದ ನಮ್ಮವರಿಗೆ ಇದು ಕಹಿಯಾದ ಸುದ್ದಿಯೇ ಸರಿ.

ಹಾಗಾದರೆ ಎಸೆಯುವ ತಟ್ಟೆಯೇ ಏಕೆ, ತೊಳೆಯುವ ತಟ್ಟೆ ಏಕಾಗದು? ಈ ಪ್ರಶ್ನೆಯನ್ನು ದೊಡ್ಡವರಿಗಿಂತ ಮೊದಲು ಕೇಳಿದವರೂ ಮಕ್ಕಳೇ. ಮೇರಿಲ್ಯಾಂಡಿನ ಟಕೋಮ ಪಾರ್ಕ್ ಎಂಬ ಪಟ್ಟಣದ ಪೈನಿ ಬ್ರಾಂಚ್ ಪ್ರಾಥಮಿಕ ಶಾಲೆಯ ಮಕ್ಕಳು ಒಂದು ಬಳಗ ಕಟ್ಟಿಕೊಂಡು, ನೊರೆ ತಟ್ಟೆ ಬೇಡ, ನಮಗೆ ತೊಳೆದು ಬಳಸುವ ತಟ್ಟೆ ಕೊಡಿ, ತೊಳೆಯುವ ಯಂತ್ರಕ್ಕೆ ಹಣವನ್ನು ನಾವೇ ಕೂಡಿಸಿಕೊಡುತ್ತೇವೆ ಎಂದರು. ಹೇಳಿದಂತೆ ಹಣ ಕೂಡಿಸಿದರು ಕೂಡ. ಜಿಲ್ಲಾ ಶಾಲಾ ಆಡಳಿತ ಯಂತ್ರಕ್ಕೆ ಒಪ್ಪಲಿಲ್ಲ. ಖರ್ಚು, ಕೆಲಸಗಾರರು, ನೀರು ಎಂದು ಹಿಂದೆಗೆಯಿತು. ವರ್ಷಗಳ ಮೇಲೆ 2014ರಲ್ಲಿ ಕಾಗದದ ತಟ್ಟೆಯನ್ನು ತಂದಿತು. ಮಕ್ಕಳು ಅರ್ಧ ಗೆದ್ದರು.

ಇದನ್ನು ಓದುವಾಗ ನಮಗೆ ಕರ್ನಾಟಕದ ಹಳ್ಳಿಯ ಶಾಲೆಗಳು ನೆನಪಾದವು. 2002ರಲ್ಲಿ ‘ಅಕ್ಷರ ದಾಸೋಹ’ ಆರಂಭವಾದಂದಿನಿಂದ ಅಲ್ಲಿಯ ಮಕ್ಕಳು ಬಿಸಿಯೂಟ ಉಣ್ಣುತ್ತಿದ್ದಾರೆ. ಉಕ್ಕಿನ ತಟ್ಟೆ ಹಿಡಿದು ಸಾಲಾಗಿ ಕುಳಿತು ಉಂಡು, ನಲ್ಲಿಯ ಬಳಿ ತಟ್ಟೆ ತೊಳೆದಿಟ್ಟು ತರಗತಿಗೆ ಓಡುವ ಮಕ್ಕಳನ್ನು ಊರಿಗೆ ಹೋದಾಗ ನೀವೂ ನೋಡಿರಬಹುದು. ಟಕೋಮ ಪಾರ್ಕಿನ ಮಕ್ಕಳು ಹಣ ಕೂಡಿಸಿಯೂ ಪಡೆಯಲಾರದ್ದು ಅವರಿಗೆ ದಿನವೂ ದೊರೆತಿದೆ. ನಗರಕ್ಕೆ ಬಂದು ನಾಲ್ಕು ಕಾಸು ಕಂಡ ನಾವು ಮಾತ್ರ ಅದನ್ನು ಬಿಟ್ಟು ಬಿಳಿ ತಟ್ಟೆಗೆ ಇಳಿದೆವು.

ನಮ್ಮಲ್ಲಿ ಕಾಯಿದೆಗಳಿಗೆ ಕೊರತೆಯಿಲ್ಲ. ಕರ್ನಾಟಕ ಸರಕಾರ 2016ರ ಮಾರ್ಚಿನಲ್ಲಿ ಥರ್ಮೊಕೋಲ್ ತಟ್ಟೆ, ಲೋಟಗಳನ್ನು ನಿಷೇಧಿಸಿತು. ನಮ್ಮ ಮಹಾರಾಷ್ಟ್ರದಲ್ಲಿ 2018ರ ಮಾರ್ಚ್ 23ರ ಆಜ್ಞೆ. ಮೂರು ತಿಂಗಳ ಗಡುವು ಕೊಟ್ಟು ಜೂನಿನಿಂದ ಜಾರಿ. ಚೆನ್ನೈಯಲ್ಲಿರುವ ವಾಚಕರಿಗೆ 2019ರ ಆರಂಭದಿಂದ. ಇಡೀ ದೇಶಕ್ಕೆ 2022ರ ಜುಲೈ 1ರಿಂದ. ಮುಂಬಯಿಯವರಿಗೆ ಇದು ಬರಿಯ ಕಾಗದದ ಮಾತೂ ಅಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿದ್ದು, ನೀರು ಹರಿಯಬೇಕಾದ ಚರಂಡಿಗಳು ಪ್ಲಾಸ್ಟಿಕ್ ಕಸದಿಂದ ಕಟ್ಟಿಕೊಂಡಿದ್ದಾಗ ಕೆಳಗಿನ ಮಹಡಿಯಲ್ಲಿದ್ದ ನಮ್ಮ ಎಷ್ಟು ಕುಟುಂಬಗಳು ಪಾತ್ರೆ ಪಡಗ ಕಳೆದುಕೊಂಡವೆಂಬುದನ್ನು ಮರೆತವರಾರು? ನ್ಯೂಯಾರ್ಕಿನಲ್ಲಿಯೂ ಕಡಲ ಬದಿಯ ರೆಡ್ ಹುಕ್ ಎಂಬ ಕೇರಿ 2012ರ ಚಂಡಮಾರುತದಲ್ಲಿ ಮುಳುಗಿತ್ತು. ಆ ಕೇರಿಯ ಶಾಲೆಯ ಐದನೆಯ ತರಗತಿಯ 56 ಮಕ್ಕಳು ತಮ್ಮ ನೆರೆಹೊರೆಯ ಪ್ಲಾಸ್ಟಿಕ್ ಕಸವನ್ನು ಹೆಕ್ಕಿ, ಎಣಿಸಿ, ನಗರ ಸಭೆಯ ಮುಂದೆ ಹೋಗಿ ಹೇಳಿದ ಕಥೆಯನ್ನು ಕೋಹೆನ್ ಅವರ ಬಳಗ 2019ರಲ್ಲಿ ಚಲಚ್ಚಿತ್ರ ಮಾಡಿತು.

ಇಷ್ಟನ್ನೂ ಓದಿ ಮುಗಿಸಿ, ಜೂನ್ ತಿಂಗಳ ಕಾರ್ಯಕಾರಿ ಸಮಿತಿಯಲ್ಲಿ ನಮ್ಮ ತಪ್ಪನ್ನು ಒಪ್ಪಿಕೊಂಡು ವಿಷಯವನ್ನು ಮುಂದಿಟ್ಟೆವು. ಮೊದಲು ಬಂದ ಮಾತು ನೀವು ಊಹಿಸಬಲ್ಲಿರಿ: ಖರ್ಚು ಯಾರು ಕೊಡುತ್ತಾರೆ? ಉಕ್ಕಿನ ತಟ್ಟೆಯೊಂದಕ್ಕೆ 90 ರೂಪಾಯಿ, ನೂರೈವತ್ತಕ್ಕೆ 13,500. ವರ್ಷದಲ್ಲಿ ನಾವು ಎಂಟು ಬಾರಿ ಊಟ ಹಾಕುತ್ತೇವೆ, ಸುಮಾರು ಸಾವಿರ ಎಲೆ. ಆರು ರೂಪಾಯಿಯ ಎಸೆಯುವ ತಟ್ಟೆ ಕೊಂಡರೂ ವರ್ಷಕ್ಕೆ 6,000. ಎರಡು ವರ್ಷ ಮೂರು ತಿಂಗಳಿಗೆ ಉಕ್ಕಿನ ಬೆಲೆ ತೀರುತ್ತದೆ. ಆಗ ಖಜಾಂಚಿಯವರು ಒಂದು ಮಾತು ಹೇಳಿದರು: ಪಕ್ಕದ ಉಪನಗರಗಳ ಎರಡು ಕನ್ನಡ ಸಂಘಗಳೂ ಇದೇ ಹಾಡು ಹಾಡುತ್ತಿವೆ, ಮೂರೂ ಸೇರಿ ಕೊಂಡರೇನು? ಮೂರು ಸಂಘಗಳ ಊಟ ಒಂದೇ ದಿನ ಬೀಳುವುದು ರಾಜ್ಯೋತ್ಸವದ ವಾರದಲ್ಲಿ ಮಾತ್ರ. ತಲಾ 4,500 ರೂಪಾಯಿ ಆಯಿತು. ಆರು ನಗರಗಳ ಒಕ್ಕೂಟದ ಕಥೆಯನ್ನು ನಾವು ಇನ್ನೂ ಅವರಿಗೆ ಹೇಳಿಯೇ ಇರಲಿಲ್ಲ ಎಂಬುದನ್ನು ಇಲ್ಲಿ ದಾಖಲಿಸಬೇಕು.

ಎರಡನೆಯ ಪ್ರಶ್ನೆಗೆ ಮಾತ್ರ ಎಲ್ಲರೂ ಮುಖ ಮುಖ ನೋಡಿಕೊಂಡರು. ತೊಳೆಯುವವರು ಯಾರು? “ಹೆಂಗಸರ ತಲೆಗೆ ಕಟ್ಟುವುದಾದರೆ ಈಗಲೇ ಹೇಳಿಬಿಡಿ” ಎಂದು ಮಹಿಳಾ ವಿಭಾಗದ ಅಕ್ಕನವರು ನೇರವಾಗಿ ಕೇಳಿದರು. ಸರಿಯಾದ ಪ್ರಶ್ನೆ. ಮೂಲೆಯಲ್ಲಿ ಕುಳಿತಿದ್ದ ನಮ್ಮ ಹಿರಿಯ ಸದಸ್ಯರೊಬ್ಬರು ಆಗ ಬಾಯಿ ಬಿಟ್ಟರು. ಹದಿಮೂರನೆಯ ವಯಸ್ಸಿಗೆ ಊರು ಬಿಟ್ಟು ಬಂದು, ಹಗಲು ಹೊಟೇಲಿನಲ್ಲಿ ದುಡಿದು ರಾತ್ರಿ ಕನ್ನಡ ಶಾಲೆಯಲ್ಲಿ ಓದಿ ಮೆಟ್ರಿಕ್ ಪಾಸಾದವರು. ಈ ನಗರದ ರಾತ್ರಿಶಾಲೆಗಳಿಂದ ಹಾಗೆ ಮೇಲೆ ಬಂದವರು ನಮ್ಮಲ್ಲಿ ಒಬ್ಬಿಬ್ಬರಲ್ಲ. “ಮಾರಾಯ್ರೇ, ಫೋರ್ಟಿನಲ್ಲಿ ಏಳು ವರ್ಷ ತಟ್ಟೆ ತೊಳೆದವನು ನಾನು. ದಿನಕ್ಕೆ ಸಾವಿರ ತೊಳೆದದ್ದುಂಟು. ನೂರೈವತ್ತು ತಟ್ಟೆ ಅಂದರೆ ಒಂದು ಕೆಲಸವಾ? ನನ್ನ ಹೆಸರು ಮೊದಲು ಬರ್ಕೊಳ್ಳಿ. ಆಮೇಲೆ ನನಗೆ ಇಬ್ಬರು ಹುಡುಗರನ್ನು ಕೊಡಿ, ಕಲಿಸ್ತೇನೆ.”

ತಟ್ಟೆಗಳು ಬಂದು ಕಾರ್ಯಾಲಯದ ಕಪಾಟಿನಲ್ಲಿ ಕುಳಿತಿವೆ. ರಾಜ್ಯೋತ್ಸವದ ಊಟಕ್ಕೆ ತೊಳೆಯುವವರು ಹನ್ನೆರಡು ಮಂದಿ ಬೇಕು. ಈ ಸಂಚಿಕೆ ಅಚ್ಚಿಗೆ ಹೋಗುವ ಹೊತ್ತಿಗೆ ಒಂಬತ್ತು ಹೆಸರು ಬಂದಿವೆ. ಅವುಗಳಲ್ಲಿ ಐದು ಗಂಡಸರವು, ಎರಡು ಹೈಸ್ಕೂಲು ಹುಡುಗರವು. ನ್ಯೂಯಾರ್ಕಿಗೆ ಹಿಂದಿರುಗಿದ ಮೊಮ್ಮಗಳು ತನ್ನ ಹೆಸರನ್ನೂ ಬರೆಯಿರಿ, ಬರುವ ರಜೆಗೆ ತೊಳೆಯುತ್ತೇನೆ ಎಂದು ಅಜ್ಜಿಯ ಮುಖಾಂತರ ತಿಳಿಸಿದ್ದಾಳೆ. ಅದನ್ನು ಬೇರೆ ಹಾಳೆಯಲ್ಲಿ ಬರೆದಿಟ್ಟಿದ್ದೇವೆ. ಪಟ್ಟಿ ಮೇಜಿನ ಮೇಲಿದೆ. ಕಾರ್ಯಾಲಯ ಸಂಜೆ ಆರರಿಂದ ಎಂಟರವರೆಗೆ ತೆರೆದಿರುತ್ತದೆ, ಸೋಮವಾರ ರಜೆ.